ಸಾಂಬ್ರಾದಿಂದ (ಬೆಳಗಾವಿ ವಿಮಾನ ನಿಲ್ದಾಣ) ರೇಣಿಗುಂಟಕ್ಕೆ (ತಿರುಪತಿ ವಿಮಾನ ನಿಲ್ದಾಣ) ವಿಮಾನದ ದೂರ ಮತ್ತು ವೇಳೆ

ಪ್ರಶ್ನೆ (ಟಿಳಕವಾಡಿ, ಬೆಳಗಾವಿ): ನಮಸ್ಕಾರ ಸರ್. ವಯಸ್ಸಾದ ತಾಯಿಯವರನ್ನು ತಿಮ್ಮಪ್ಪನ ದರ್ಶನಕ್ಕೆ ಕರೆದೊಯ್ಯಬೇಕಾಗಿದೆ. ಹರಿಪ್ರಿಯಾ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಕಳೆಯುವುದು ಅವರಿಗೆ ಕಷ್ಟವಾಗುವುದರಿಂದ ವಿಮಾನದ ವಿಚಾರ ಮಾಡುತ್ತಿದ್ದೇವೆ. ಬೆಳಗಾವಿ–ತಿರುಪತಿ ದೂರ ಅಂತರ್ಜಾಲದಲ್ಲಿ ಒಂದು ಕಡೆ 585 ಎಂದಿದ್ದರೆ, ಇನ್ನೊಂದು ಕಡೆ 316 ಎಂದಿದೆ. ಯಾವುದು ಸರಿ? ಗಂಟೆಗೆ 800 ಕಿ.ಮೀ. ವೇಗದ ವಿಮಾನಕ್ಕೆ 45 ನಿಮಿಷ ಸಾಕಲ್ಲವೇ? ವೇಳಾಪಟ್ಟಿಯಲ್ಲಿ ಒಂದು ಗಂಟೆಗೂ ಮಿಕ್ಕಿ ತೋರಿಸುವುದೇಕೆ?

ಉತ್ತರ (ವಿಮಾನ ಸಂಚಾರ ನಿಯಂತ್ರಣದ ನಿವೃತ್ತ ಅಧಿಕಾರಿ): ನಮಸ್ಕಾರ. ಎರಡೂ ಸರಿ. 585 ಎಂಬುದು ಕಿಲೋಮೀಟರ್ ಲೆಕ್ಕ. 316 ಎಂಬುದು ನಾಟಿಕಲ್ ಮೈಲಿನ ಲೆಕ್ಕ. ಒಂದು ನಾಟಿಕಲ್ ಮೈಲೆಂದರೆ 1.852 ಕಿ.ಮೀ. ನಮ್ಮ ವೃತ್ತಿಯಲ್ಲಿ ದಾರಿಯ ದೂರದ ಲೆಕ್ಕ ನಾಟಿಕಲ್ ಮೈಲಿನಲ್ಲೇ ನಡೆಯುತ್ತದೆ.

ಇನ್ನು ವೇಳೆಯ ವಿಷಯ. 800 ಕಿ.ಮೀ. ಎಂಬುದು ವಿಮಾನ ಮೇಲೇರಿ ಸಮತಟ್ಟಾದ ಮೇಲಿನ ವೇಗವೇ ಹೊರತು ಉದ್ದಕ್ಕೂ ಸಿಗುವ ವೇಗವಲ್ಲ. ಹತ್ತು ಸಾವಿರ ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್ ದಾಟುವಂತಿಲ್ಲ, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಇಳಿಯುವಾಗ ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲು ಬೇಕೆಂಬುದು ಪೈಲಟ್‌ಗಳ ಬಾಯಿಲೆಕ್ಕ. ಹಾಗಾಗಿ 31 ಸಾವಿರ ಅಡಿಯಲ್ಲಿರುವ ವಿಮಾನ ರೇಣಿಗುಂಟಕ್ಕೆ ಇನ್ನೂ 170 ಕಿ.ಮೀ. ಇರುವಾಗಲೇ ಇಳಿಯತೊಡಗುತ್ತದೆ. ಏರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ ಹಿಡಿಯುವುದರಿಂದ, ಪೂರ್ಣ ವೇಗದ ಓಟಕ್ಕೆ ಅರ್ಧ ದಾರಿಯೂ ಉಳಿಯುವುದಿಲ್ಲ. ಅದಲ್ಲದೆ 585 ಎಂಬುದು ಭೂಮಿಯ ಮೇಲೆ ಎಳೆದ ಅತಿ ಹತ್ತಿರದ ಗೆರೆಯ ಉದ್ದ. ವಿಮಾನ ಗೊತ್ತುಪಡಿಸಿದ ಮಾರ್ಗ ಹಿಡಿದು, ಗಾಳಿ ನೋಡಿ ರನ್‌ವೇಯ ಯಾವ ತುದಿಯಿಂದ ಇಳಿಯಬೇಕೋ ಆ ಕಡೆಗೆ ಸುತ್ತಿ ಬರಬೇಕು.

ಟಿಕೆಟ್‌ನಲ್ಲಿರುವುದು ಬರೀ ಹಾರಾಟದ ವೇಳೆಯೂ ಅಲ್ಲ. ಸಾಂಬ್ರಾದಲ್ಲಿ ವಿಮಾನ ನಿಂತ ಜಾಗ ಬಿಟ್ಟ ಕ್ಷಣದಿಂದ ರೇಣಿಗುಂಟದಲ್ಲಿ ಮತ್ತೆ ನಿಂತು ಚಕ್ರಕ್ಕೆ ತಡೆ ಕೊಡುವವರೆಗಿನ ಅವಧಿ ಅದು. ಕಂಪನಿಗಳು ಅದರಲ್ಲಿ ಒಂದಿಷ್ಟು ನಿಮಿಷ ಸಡಿಲವನ್ನೂ ಇಟ್ಟುಕೊಳ್ಳುತ್ತವೆ. ಸಮಯಕ್ಕೆ ಮೊದಲೇ ತಲುಪಿದೆವೆಂದು ನಾವು ಹಿಗ್ಗುವುದು ಇದರಿಂದಲೇ!

ಮರುಪ್ರಶ್ನೆ (ಬಾಗಲಕೋಟೆ): ಸರ್, ಹೋಗುವ ಮತ್ತು ಬರುವ ವೇಳೆ ಒಂದೇ ಇರುತ್ತದೆಯೇ? ಇದೇ ದಾರಿಗೆ ಫ್ಯಾನಿನ (ಪ್ರೊಪೆಲರ್) ಎಟಿಆರ್ ವಿಮಾನ ಹಾಕಿದರೆ ಎಷ್ಟು ತಡವಾಗುತ್ತದೆ?

ಉತ್ತರ: ಚಳಿಗಾಲದಲ್ಲಿ ಆ ಎತ್ತರದ ಗಾಳಿ ಪಶ್ಚಿಮದಿಂದ ಬೀಸುವುದರಿಂದ ತಿರುಪತಿಗೆ ಹೋಗುವಾಗ ಅನುಕೂಲ, ಬರುವಾಗ ಎದುರು. ಮಳೆಗಾಲದಲ್ಲಿ ನೆಲದ ಹತ್ತಿರ ಪಶ್ಚಿಮದ ಗಾಳಿ ಜೋರಾಗಿದ್ದರೂ ಮೂವತ್ತು ಸಾವಿರ ಅಡಿಯಲ್ಲಿ ಅದು ಪೂರ್ವದಿಂದ ಬೀಸುವುದರಿಂದ ಲೆಕ್ಕ ತಿರುವುಮುರುವಾಗುತ್ತದೆ. ಇಷ್ಟು ಸಣ್ಣ ದಾರಿಯಲ್ಲಿ ವ್ಯತ್ಯಾಸ ಸಾಮಾನ್ಯವಾಗಿ ಐದಾರು ನಿಮಿಷದ್ದು. ಎಟಿಆರ್ ವೇಗ ಗಂಟೆಗೆ ಸುಮಾರು 500 ಕಿ.ಮೀ.; ಅದು ಅಷ್ಟು ಮೇಲೇರುವುದೂ ಇಲ್ಲ. ಅದರಲ್ಲಾದರೆ ಒಂದೂವರೆ ಗಂಟೆ ಹಿಡಿಯಿರಿ.

ಟಿಳಕವಾಡಿಯವರಿಗೆ ಒಂದು ಮಾತು: ದರ್ಶನದ ವೇಳೆಯನ್ನು ಹಾರಾಟದ ನಿಮಿಷಗಳಿಗೆ ತಾಳೆ ಹಾಕಬೇಡಿ. ರೇಣಿಗುಂಟದಲ್ಲಿ ಸಾಮಾನು ಪಡೆದು, ತಿರುಪತಿ ಊರು ದಾಟಿ, ಘಾಟ್ ರಸ್ತೆ ಹತ್ತುವುದಕ್ಕೆ ವಿಮಾನದಲ್ಲಿ ಕುಳಿತದ್ದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ತಾಯಿಯವರಿಗೆ ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡಿಸುವಾಗಲೇ ತಿಳಿಸಿಬಿಡಿ.