ಮಂಡಿ ಹಿಂದಿನ ಗಂಟಿಗೆ ಸೂಜಿ ಹಾಕಿಸುವ ಮೊದಲು

ಸುಮಾ, ನಿನ್ನ ಮೆಸೇಜ್ ಈಗ ನೋಡಿದೆ. ಅಪ್ಪನ ಮಂಡಿ ಹಿಂದೆ ಗಂಟು, ಎಕ್ಸ್‌ರೇ ಸರಿಯಾಗಿದೆ, ನಾಳೆ ಸೂಜಿ ಹಾಕಿ ನೀರು ತೆಗೀತಾರಂತೆ, ಕ್ಯಾನ್ಸರ್ ಇರಬಹುದಾ ಅಂತ ಕೇಳಿದ್ದೀಯ. ಮೊದಲು ಆ ಸೂಜಿ ನಿಲ್ಲಿಸು. ಸ್ಕ್ಯಾನ್ ಆಗದೆ ಗಂಟಿಗೆ ಸೂಜಿ ಹಾಕಿಸಬೇಡಿ.

ನನ್ನ ಎಡಗಾಲಿನ ಕಥೆ ನಿಮಗೆಲ್ಲ ಗೊತ್ತಲ್ಲ, ರಮೇಶನ ಮದುವೆ ಹೊತ್ತಿಗೆ ಶುರುವಾದದ್ದು. ಮಂಡಿ ಹಿಂದೆ ಗೋಲಿಯಷ್ಟು ಗಂಟು. ಮೆಟ್ಟಿಲು ಹತ್ತಿದರೆ ಏನೂ ಇಲ್ಲ, ರಾತ್ರಿ ಮಲಗಿದರೆ ನೋವು. ಕುರ್ಚಿಯ ಅಂಚು ತಗುಲಿದರೂ ಅಂಗಾಲಿನವರೆಗೆ ಕರೆಂಟ್ ಹೊಡೆಯುತ್ತಿತ್ತು. ಒಬ್ಬ ಡಾಕ್ಟರ್ ಕೈಯಲ್ಲಿ ಮುಟ್ಟಿ ನೋಡಿದರು, ಕೀಲಿನ ನೀರಿನ ಗುಳ್ಳೆ, ಬೇಕರ್ಸ್ ಸಿಸ್ಟ್ ಎಂದರು, ಅಲ್ಲೇ ಸೂಜಿ ಚುಚ್ಚಿದರು. ಒಂದು ಹನಿ ನೀರೂ ಬರಲಿಲ್ಲ. ನಾನು ಕಿರುಚಿಕೊಂಡೆ. ಎಷ್ಟೋ ವಾರ ಅಂಗಾಲು ಮರಗಟ್ಟಿತ್ತು. ಆಮೇಲೆ ಎಂಆರ್‌ಐ ಮಾಡಿದಾಗ ಗೊತ್ತಾಯಿತು, ಅದು ಪಾದಕ್ಕೆ ಹೋಗುವ ಟಿಬಿಯಲ್ ನರದಲ್ಲೇ ಬೆಳೆದ ಗಡ್ಡೆ. ಶ್ವಾನೋಮಾ ಅಂತಾರೆ. ನರದ ಹೊದಿಕೆಯ ಜೀವಕೋಶಗಳಿಂದ ನಿಧಾನವಾಗಿ ಬೆಳೆಯುತ್ತದೆ. ಮೂಳೆಯಲ್ಲಿ ತೊಂದರೆ ಇಲ್ಲವಲ್ಲ, ಎಕ್ಸ್‌ರೇ ಏನು ತೋರಿಸೀತು? ಅದಕ್ಕೇ ಮತ್ತೆ ಹೇಳ್ತೀನಿ, ಸ್ಕ್ಯಾನ್ ಆಗದೆ ಸೂಜಿ ಬೇಡ.

ಆ ಎಕ್ಸ್‌ರೇ ಹಿಡಿದುಕೊಂಡೇ ಅಲ್ವಾ ಮನೆಯವರೆಲ್ಲ ನನ್ನ ಬಾಯಿ ಮುಚ್ಚಿಸಿದ್ದು? ನಿಮ್ಮ ದೊಡ್ಡಪ್ಪನೂ "ವಯಸ್ಸಾಯ್ತು, ತೂಕ ಇಳಿಸು" ಎಂದರು. ಅವರಿಗೆ ಬೆನ್ನು ಹಿಡಿದ ದಿನ ಮಾತ್ರ ಮನೆಮಂದಿಯೆಲ್ಲ ಎದ್ದು ಓಡಾಡಿದರು. ಹೆಂಗಸರು ಸುಮ್ನೆ ನೋವು ಅಂತಾರೆ ಅನ್ನುವ ಮಾತು ಕೇಳಿದರೆ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ. ಈ ಗುಂಪಿನಲ್ಲೂ ಆಗ ಒಬ್ಬರೂ ವಿಚಾರಿಸಲಿಲ್ಲ.

ಅಯ್ಯೋ, ನೀನು ಕೇಳಿದ್ದು ಕ್ಯಾನ್ಸರ್ ಬಗ್ಗೆ. ಇಂಥ ನರದ ಗಡ್ಡೆ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ಹಾಗೆ ತಿರುಗುವುದು ತೀರಾ ಅಪರೂಪ. ಅಪ್ಪನದು ನಿಜವಾಗಿ ನೀರಿನ ಗುಳ್ಳೆಯೇ ಇರಬಹುದು, ಜಾಸ್ತಿ ಕಾಣಿಸುವುದು ಅದೇ. ನೀರೋ ಗಟ್ಟಿಯೋ ಅಂತ ಅಲ್ಟ್ರಾಸೌಂಡ್‌ನಲ್ಲಿ ತಿಳಿಯುತ್ತದೆ. ಗಟ್ಟಿ ಎಂದರೆ ಎಂಆರ್‌ಐ ಮಾಡಿಸಿ, ನರದ ಆಪರೇಷನ್ ಮಾಡಿ ರೂಢಿ ಇರುವ ಸರ್ಜನ್‌ಗೆ ತೋರಿಸಿ. ಹೆಚ್ಚಿನ ಸಲ ನರದ ಎಳೆಗಳನ್ನು ಉಳಿಸಿ ಗಡ್ಡೆಯನ್ನಷ್ಟೇ ಬಿಡಿಸಿ ತೆಗೆಯುತ್ತಾರೆ, ನನಗೂ ಹಾಗೇ ಮಾಡಿದರು. ಬಯಾಪ್ಸಿ ಬೇಕೋ ಬೇಡವೋ ಅವರೇ ಹೇಳಲಿ. ಗಂಟು ತಟ್ಟಿದರೆ ಪಾದದವರೆಗೆ ಜುಮ್ಮೆನ್ನುತ್ತದಾ ಅಂತ ಅಪ್ಪನನ್ನು ಕೇಳಿ, ಅದನ್ನೂ ಡಾಕ್ಟರಿಗೆ ಹೇಳು. ಪಾದ ಮೇಲೆತ್ತಲು ಆಗುತ್ತಿಲ್ಲ, ಇಲ್ಲವೇ ಗಂಟು ಬೇಗ ಬೇಗ ದೊಡ್ಡದಾಗುತ್ತಿದೆ ಎಂದರೆ ಅಪಾಯಿಂಟ್‌ಮೆಂಟ್ ಕಾಯಬೇಡ, ಅವತ್ತೇ ಕರೆದುಕೊಂಡು ಹೋಗು.