ದಿನಕ್ಕೆಷ್ಟು ಪುಸ್ತಕ ಅಂತ ಕ್ಯಾಟಲಾಗ್ ಕೆಲಸ ಅಳೆಯಬಹುದಾ?

ಪ್ರಶ್ನೆ (ಕಲಬುರಗಿ): ಕಾಲೇಜು ಲೈಬ್ರರಿಯಲ್ಲಿ ಕೊಹಾ ಸಾಫ್ಟ್‌ವೇರ್‌ಗೆ ಪುಸ್ತಕ ಸೇರಿಸುವ ಕೆಲಸ ನನ್ನದು. ಕನ್ನಡದ ಜೊತೆ ಉರ್ದು, ಮರಾಠಿನೂ ಇವೆ, ಹೊತ್ತು ಹಿಡಿಯುತ್ತದೆ. ಮೇಲಿನವರು ಸುಮ್ನೆ ಸಂಖ್ಯೆ ಕೇಳುತ್ತಾರೆ. ಏನು ಹೇಳಲಿ?

ಬೀದರ್‌ನಿಂದ: ಸಂಖ್ಯೆ ಕೊಡಿ ಸರ್, ಆದರೆ ಬೇರೆ ಕಡೆಯಿಂದ ಇಳಿಸಿಕೊಂಡ ರೆಕಾರ್ಡ್ (ಪುಸ್ತಕದ ವಿವರ) ಬೇರೆ, ನೀವೇ ಹೊಸದಾಗಿ ಮಾಡಿದ್ದು ಬೇರೆ ಅಂತ ತೋರಿಸಿ. ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಡ್ಯೂಯಿ ಅಂಕಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಉರ್ದುವಿಗೆ 891.439, ಮರಾಠಿಗೆ 891.46, ಅಷ್ಟು ಯಾರಾದರೂ ಹಾಕುತ್ತಾರೆ. ಕಷ್ಟ ಇರುವುದು ಹೆಸರಿನಲ್ಲಿ. ಒಂದು ಕಡೆ ಬಸವಣ್ಣ, ಇನ್ನೊಂದು ಕಡೆ ಬಸವೇಶ್ವರ ಅಂತ ಬರೆದು ಎರಡನ್ನೂ ಜೋಡಿಸದಿದ್ದರೆ ಹುಡುಕುವವರಿಗೆ ಅರ್ಧ ಪುಸ್ತಕ ಸಿಗುವುದೇ ಇಲ್ಲ, ಅಲ್ವಾ?

ಯಾದಗಿರಿಯಿಂದ: ಲಿಪಿನೂ ನೋಡಿ. ಮಾರ್ಕ್‌ನಲ್ಲಿ (MARC, ಪುಸ್ತಕದ ವಿವರ ಕಂಪ್ಯೂಟರಿಗೆ ತುಂಬುವ ನಮೂನೆ) 880 ಫೀಲ್ಡ್ ಇರುವುದೇ ಅದೇ ವಿವರವನ್ನು ಇನ್ನೊಂದು ಲಿಪಿಯಲ್ಲಿ ಬರೆಯಲು. ಅದನ್ನು ಖಾಲಿ ಬಿಟ್ಟವರ ಸ್ಪೀಡ್ ಜಾಸ್ತಿನೇ ಇರುತ್ತದೆ ಬಿಡಿ!