ಐಸಿಯುನಲ್ಲಿರುವ ಅಪ್ಪನ ವಿಷಯದಲ್ಲಿ ಯಾರ ಮಾತು ನಡೆಯಬೇಕು?

ತರೀಕೆರೆ ಮಗಳು:
ಅಪ್ಪನಿಗೆ 71 ವರ್ಷ. ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದು ರಿಟೈರ್ ಆದವರು. ಮೆದುಳಲ್ಲಿ ರಕ್ತಸ್ರಾವ ಆಗಿ 12 ದಿನದಿಂದ ವೆಂಟಿಲೇಟರ್ ಮೇಲಿದ್ದಾರೆ. ಇನ್ನೂ ಕಣ್ಣು ಬಿಟ್ಟಿಲ್ಲ. ಗಂಟಲಿಗೆ ತೂತು ಮಾಡಿ ಪೈಪ್ ಹಾಕಬೇಕು, ಟ್ರಕಿಯಾಸ್ಟಮಿ, ಸೈನ್ ಮಾಡಿ ಅನ್ನುತ್ತಿದ್ದಾರೆ ಡಾಕ್ಟರ್. ಪ್ರಜ್ಞೆ ಬರುವ ಆಸೆ ತುಂಬಾ ಕಡಿಮೆ ಅಂತಲೂ ಅವರೇ ಹೇಳಿದರು.

ಅಣ್ಣ ಡಲ್ಲಾಸ್‌ನಲ್ಲಿದ್ದಾನೆ. ದುಡ್ಡಿನ ಯೋಚನೆ ಬೇಡ, ಏನೇನಿದೆಯೋ ಎಲ್ಲ ಮಾಡಿಸಿ ಅನ್ನುತ್ತಾನೆ. ಚಿಕ್ಕಪ್ಪ ಅವನ ಕಡೆ. ಅಮ್ಮನಿಗೆ ಬೇಡ, ನನಗೂ ಬೇಡ. ದೊಡ್ಡಪ್ಪ ಹೀಗೇ 40 ದಿನ ಮಲಗಿ ಹೋದರು. ಅವರನ್ನು ನೋಡಿಕೊಂಡು ಬಸ್ಸಲ್ಲಿ ವಾಪಸ್ ಬರುವಾಗ ಅಪ್ಪ ಕಿಟಕಿ ಕಡೆ ಮುಖ ಮಾಡಿ, "ನನಗೆ ಹಿಂಗೆ ಮಾಡಬೇಡಿ ಕಣವ್ವ" ಅಂದಿದ್ದರು. ಎಲ್ಲೂ ಬರೆದಿಟ್ಟಿಲ್ಲ. ಕೇಳಿದ್ದು ನಾನೊಬ್ಬಳೇ. ಅಣ್ಣ ನಂಬುತ್ತಿಲ್ಲ.

ನಿನ್ನೆ ನರ್ಸ್ ಫಾರಂ ತಂದರು. ಎದುರಿಗೇ ಇದ್ದ ಅಮ್ಮ ಕೈ ಚಾಚಿದಳು. ಪೆನ್ನು ಅವಳ ಕೈ ದಾಟಿ ಚಿಕ್ಕಪ್ಪನ ಹತ್ತಿರ ಹೋಯಿತು. ಚಾಚಿದ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. 48 ವರ್ಷ ಸಂಸಾರ ಮಾಡಿದವಳು. ಅದನ್ನು ನನಗೆ ಮರೆಯಲು ಆಗುತ್ತಿಲ್ಲ. ಚಿಕ್ಕಪ್ಪನೂ ಸೈನ್ ಮಾಡಲಿಲ್ಲ, ಅಣ್ಣನನ್ನು ಒಂದು ಮಾತು ಕೇಳೋಣ ಅಂದರು.

ಕಾನೂನಿನಲ್ಲಿ ಹಕ್ಕು ಯಾರಿಗಿದೆ? ಮಗನಿಗಾ, ಹೆಂಡತಿಗಾ?

ಹುಬ್ಬಳ್ಳಿ ಸಿಸ್ಟರ್:
ಅಕ್ಕಾ, ನಾನು 14 ವರ್ಷದಿಂದ ಐಸಿಯು ಡ್ಯೂಟಿಯಲ್ಲಿದ್ದೇನೆ. ಬಾಯಿಯ ಪೈಪ್ ಹಾಕಿ ಎರಡು ವಾರ ಆಗುತ್ತಾ ಬಂದರೆ ಗಂಟಲಿಗೆ ಬದಲಾಯಿಸೋಣ ಅನ್ನುವುದು ಸಾಮಾನ್ಯ. ಬಾಯಿಗೆ ಆರಾಮ, ಕಫ ತೆಗೆಯುವುದೂ ಸುಲಭ. ಆದರೆ ಅದರಿಂದ ಮೆದುಳು ಸರಿಹೋಗುವುದಿಲ್ಲ. ಅದಕ್ಕೇ ಪೈಪ್ ಬೇಕಾ ಬೇಡವಾ ಅಂತ ಕೇಳಬೇಡಿ. ಇದನ್ನು ಹಾಕಿಸಿದರೆ ಮೂರು ತಿಂಗಳಿಗೆ ಅಪ್ಪ ಹೇಗಿರುತ್ತಾರೆ ಅಂತ ಕೇಳಿ. ಅಣ್ಣ ಫೋನಿನಲ್ಲಿ ಇರುವಾಗಲೇ ಕೇಳಿ. ವಿಡಿಯೋ ಕಾಲ್‌ನಲ್ಲಿ ಅವರಿಗೆ ಕಾಣುವುದು ಮಾನಿಟರ್. ಬಿಪಿ, ಆಕ್ಸಿಜನ್ ಎಲ್ಲ ಚೆನ್ನಾಗೇ ಇರುತ್ತದೆ. ಕಫ ಎಳೆಯುವಾಗ ಮೈ ಹೇಗೆ ಸೆಟೆಯುತ್ತದೆ ಅಂತ ಅವರು ನೋಡಿರುವುದಿಲ್ಲ.

ದಾವಣಗೆರೆ ವಕೀಲ:
ಹಿರಿಯ ಮಗನ ಮಾತೇ ಕೊನೆ ಅಂತ ಎಲ್ಲೂ ಬರೆದಿಲ್ಲ ತಾಯಿ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಗೌರವದಿಂದ ಸಾಯುವ ಹಕ್ಕನ್ನು ಒಪ್ಪಿತು. 2023ರ ಜನವರಿಯಲ್ಲಿ ನಿಯಮ ಸಡಿಲ ಮಾಡಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದಕ್ಕೆ ಸುತ್ತೋಲೆಯನ್ನೂ ಹೊರಡಿಸಿದೆ. ಈಗಿರುವ ಚಿಕಿತ್ಸೆ ನಿಲ್ಲಿಸುವುದಾದರೂ, ಹೊಸದನ್ನು ಶುರು ಮಾಡದಿರುವುದಾದರೂ ದಾರಿ ಒಂದೇ. ಮೊದಲು ಆಸ್ಪತ್ರೆಯ ಮೂವರು ಡಾಕ್ಟರ್‌ಗಳ ಬೋರ್ಡ್ ನೋಡಬೇಕು. ಮನೆಯವರ ಒಪ್ಪಿಗೆ ಬರಹದಲ್ಲಿ ಬೇಕು. ಆಮೇಲೆ ಎರಡನೇ ಬೋರ್ಡ್, ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ಡಾಕ್ಟರ್ ಇರುತ್ತಾರೆ. ನಿಲ್ಲಿಸುವ ಮುಂಚೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಅಂದರೆ ಅಮ್ಮ ಒಬ್ಬರೇ ಸೈನ್ ಹಾಕಿದ ತಕ್ಷಣ ಆಗುವ ಕೆಲಸ ಅಲ್ಲ. ಅಣ್ಣ ಒಬ್ಬರೇ ತಡೆಯುವ ಅಧಿಕಾರವೂ ಬರೆದಿಲ್ಲ. ಆದರೆ ಮನೆಯವರು ಜಗಳ ಆಡುತ್ತಿದ್ದರೆ ಯಾವ ಆಸ್ಪತ್ರೆಯೂ ಮುಂದಕ್ಕೆ ಹೆಜ್ಜೆ ಇಡಲ್ಲ, ಇದು ನನ್ನ ಅನುಭವ.

ಬಸ್ಸಿನಲ್ಲಿ ಅಪ್ಪ ಆಡಿದ ಮಾತನ್ನು ಡಾಕ್ಟರಿಗೆ ಹೇಳಿ, ಫೈಲಿನಲ್ಲಿ ಬರೆಸಿ. ಓದುತ್ತಿರುವ ಬೇರೆಯವರು ಇಂಥ ಇಚ್ಛೆಯನ್ನು ಈಗಲೇ ಬರೆದಿಡಿ. ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಸಾಕು. ನಿಮ್ಮ ಪರವಾಗಿ ಯಾರು ಹೇಳಬೇಕು ಅಂತಲೂ ಅದರಲ್ಲೇ ಹೆಸರು ಹಾಕಬಹುದು.

ಮೆಲ್ಬರ್ನ್ ಮಗ:
ನಿಮ್ಮ ಅಣ್ಣನ ಜಾಗದಲ್ಲಿ ನಾನು ಇದ್ದೆ. ದುಡ್ಡು ಕಳಿಸುವುದೊಂದೇ ನನ್ನ ಕೈಲಿದ್ದ ಕೆಲಸ. ಅದನ್ನೂ ಬೇಡ ಅಂದಾಗ, ಮಗ ಅಂತ ನಾನು ಇದ್ದು ಏನು ಮಾಡಿದೆ ಅನ್ನಿಸಿ ತಂಗಿಯ ಮೇಲೆ ಕೂಗಾಡಿದೆ. ಇವತ್ತಿಗೂ ಆ ಮಾತುಗಳು ಚುಚ್ಚುತ್ತವೆ. ಹಕ್ಕು ಯಾರದು ಅಂತ ಅವರ ಹತ್ತಿರ ಶುರು ಮಾಡಬೇಡಿ. ನೀನು ಬರುವವರೆಗೂ ಕಾಯುತ್ತೇವೆ, ಬಾ ಅಣ್ಣ ಅನ್ನಿ. ಬಸ್ಸಿನ ವಿಷಯ ಇನ್ನೊಂದು ಸಲ ಹೇಳಿ. ಯಾವ ಸೀಟು, ಯಾವ ಊರು ದಾಟಿತ್ತು, ಎಲ್ಲ ಬಿಡಿಸಿ ಹೇಳಿ.

ತರೀಕೆರೆ ಮಗಳು:
ನಿನ್ನೆ ರಾತ್ರಿ ಹೇಳಿದೆ. ಅಪ್ಪ ಡ್ಯೂಟಿ ಇಲ್ಲದ ದಿನವೂ ಬಸ್ಸಿನ ಬಾಗಿಲ ಹತ್ತಿರವೇ ಕೂರುವವರು. ಅವತ್ತು ಮಾತ್ರ ಕೊನೆ ಸೀಟಿಗೆ ಹೋಗಿ ಕಿಟಕಿ ಪಕ್ಕ ಕೂತಿದ್ದರು ಅಂದೆ. ಅಣ್ಣ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಕೊನೆ ಸೀಟಾ?" ಅಂತ ಕೇಳಿದ, ಅಷ್ಟೇ. ಒಪ್ಪಿಲ್ಲ. ಆದರೆ ಟಿಕೆಟ್ ಮಾಡಿಸಿದ್ದಾನೆ, ಶುಕ್ರವಾರ ಬರುತ್ತಾನೆ. ಅಲ್ಲಿಯವರೆಗೆ ಪೈಪ್ ಬದಲಾಯಿಸದೆ ಕಾಯಲು ಡಾಕ್ಟರ್ ಒಪ್ಪಿದ್ದಾರೆ. ಬಸ್ಸಿನ ಮಾತು ಫೈಲಿಗೂ ಹೋಯಿತು.

ಶನಿವಾರ 11 ಗಂಟೆಗೆ ಎಲ್ಲರೂ ಕೂರುತ್ತೇವೆ. ಅಮ್ಮನ ಕುರ್ಚಿ ಡಾಕ್ಟರ್ ಎದುರಿಗೇ ಹಾಕಬೇಕು ಅಂತ ಈಗಲೇ ಹೇಳಿ ಬಂದಿದ್ದೇನೆ.